ಬಳೆ ಬದಲಾದರೆ ರೋಗವೇ ಬೇರೆ

ಎಲ್ಲರಿಗೂ ನಮಸ್ಕಾರ. ಪ್ಲಾಸ್ಮಿಡ್ ಅಂದ ಕೂಡಲೇ ಹಿಂದಿನ ಸಾಲಿನವರು ಮೊಬೈಲ್ ತೆಗೆದರು, ನೋಡಿದೆ. ಇರಲಿ, ಚಿತ್ರಾನ್ನದಿಂದ ಶುರು ಮಾಡುತ್ತೇನೆ.

ಹೋದ ಬೇಸಿಗೆ ನಮ್ಮ ಮನೆಯಲ್ಲಿ ರಾತ್ರಿ ಉಳಿದ ಅನ್ನ ಒಲೆ ಪಕ್ಕದಲ್ಲೇ ಇತ್ತು. ಬೆಳಿಗ್ಗೆ ಅದಕ್ಕೇ ಒಗ್ಗರಣೆ ಹಾಕಿದೆವು. ಹನ್ನೊಂದು ಗಂಟೆಗೆಲ್ಲ ನನಗೆ ವಾಂತಿ. ಪರೀಕ್ಷೆ ಮಾಡಿಸಲಿಲ್ಲ, ಆದರೆ ನನ್ನ ಅನುಮಾನ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾ ಮೇಲೆ. ಅದರ ಬೀಜಕಗಳು ಅನ್ನ ಬೆಂದರೂ ಸಾಯುವುದಿಲ್ಲ. ಆರಿದ ಅನ್ನದಲ್ಲಿ ಮೊಳೆತು, ವಾಂತಿ ತರಿಸುವ ವಿಷ ಮಾಡಿಡುತ್ತವೆ. ಆ ವಿಷ ಒಗ್ಗರಣೆಯ ಬಿಸಿಗೆಲ್ಲ ಜಗ್ಗುವುದಿಲ್ಲ.

ಆ ವಿಷದ ಜೀನ್‌ಗಳು ಬ್ಯಾಕ್ಟೀರಿಯಾದ ಮುಖ್ಯ ಡಿಎನ್‌ಎಯಲ್ಲಿ ಇಲ್ಲ. ಪಕ್ಕದಲ್ಲಿ ಬಳೆಯ ಹಾಗೆ ದುಂಡಗಿರುವ ಚಿಕ್ಕ ಡಿಎನ್‌ಎಯಲ್ಲಿವೆ. ಅದೇ ಪ್ಲಾಸ್ಮಿಡ್. 1952ರಲ್ಲಿ ವಿಜ್ಞಾನಿ ಜೋಶುವಾ ಲೆಡರ್‌ಬರ್ಗ್ ಇಟ್ಟ ಹೆಸರು.

ಸೀರಿಯಸ್‌ಗೆ ಇಬ್ಬರು ದಾಯಾದಿಗಳು. ಒಂದು ತುರಿಂಜಿಯೆನ್ಸಿಸ್, ಅಂದರೆ ನಮ್ಮ ಹತ್ತಿ ಹೊಲದ ‘ಬಿಟಿ’. 1901ರಲ್ಲಿ ಜಪಾನಿನಲ್ಲಿ, ಸಾಯುತ್ತಿದ್ದ ರೇಷ್ಮೆಹುಳುಗಳಲ್ಲಿ ಸಿಕ್ಕಿದ್ದು. ಇನ್ನೊಂದು ಕುರಿ, ದನ ಕೊಲ್ಲುವ ಆಂಥ್ರಾಕ್ಸ್. ಮುಖ್ಯ ಡಿಎನ್‌ಎ ಪಕ್ಕಪಕ್ಕ ಇಟ್ಟು ನೋಡಿದರೆ ಮೂರನ್ನೂ ಬೇರೆ ಮಾಡುವುದೇ ಕಷ್ಟ. ಒಂದು ಹುಳು ಕೊಲ್ಲುತ್ತದೆ, ಒಂದು ಕುರಿ ಕೊಲ್ಲುತ್ತದೆ, ಒಂದು ನನಗೆ ವಾಂತಿ ಮಾಡಿಸುತ್ತದೆ. ವ್ಯತ್ಯಾಸ ಜಾಸ್ತಿ ಇರುವುದು ಬಳೆಗಳಲ್ಲಿ. ಆಂಥ್ರಾಕ್ಸ್‌ಗೆ ಎರಡು ಬಳೆ. ಒಂದರಲ್ಲಿ ವಿಷದ ಜೀನ್‌ಗಳು, ಇನ್ನೊಂದರಲ್ಲಿ ಮೈಮೇಲಿನ ಕವಚದ ಜೀನ್‌ಗಳು.

ಚಳ್ಳಕೆರೆ ಕಡೆಯ ಕುರಿ ಸಾಕುವವರೊಬ್ಬರು ನನ್ನನ್ನು ಕೇಳಿದ್ದರು, “ರೋಗದ ಹುಳಾನೇ ಕುರಿಗೆ ಚುಚ್ತಾರಂತಲ್ರೀ, ಹೌದಾ?” ಹೌದು. 1930ರ ದಶಕದಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಪಶುವೈದ್ಯ ಮ್ಯಾಕ್ಸ್ ಸ್ಟರ್ನ್ ಕಂಡುಕೊಂಡ ಲಸಿಕೆಯ ತಳಿ ಅದು. ಜೀವಂತ ಆಂಥ್ರಾಕ್ಸೇ. ಕವಚದ ಬಳೆ ಮಾತ್ರ ಕಳೆದುಕೊಂಡಿದೆ. ಕವಚ ಇಲ್ಲದ್ದನ್ನು ಕುರಿಯ ರಕ್ತಕಣಗಳು ಸಲೀಸಾಗಿ ನುಂಗಿಬಿಡುತ್ತವೆ.

ಬಳೆ ಕಳೆದುಹೋಗುತ್ತದೆ, ಸರಿ. ಕೈ ಬದಲಾಗುತ್ತದಾ? ಎಲ್ಲವೂ ಅಲ್ಲ, ಆದರೆ ಬಹಳಷ್ಟು ಬದಲಾಗುತ್ತವೆ. ಎರಡು ಬ್ಯಾಕ್ಟೀರಿಯಾ ಅಂಟಿಕೊಳ್ಳುತ್ತವೆ. ಬಳೆಯ ಎರಡು ಎಳೆಗಳಲ್ಲಿ ಒಂದು ತುಂಡಾಗಿ ಆಚೆಗೆ ಜಾರುತ್ತದೆ. ಆಮೇಲೆ ಇಬ್ಬರೂ ತಂತಮ್ಮ ಜೊತೆ ಎಳೆ ನೇಯ್ದುಕೊಳ್ಳುತ್ತಾರೆ. ಕೊಟ್ಟವರ ಕೈ ಬರಿದಾಗುವುದಿಲ್ಲ. ತೆಗೆದುಕೊಳ್ಳುವವರು ಅದೇ ಜಾತಿಯವರೇ ಆಗಬೇಕೆಂದೂ ಇಲ್ಲ.

1950ರ ದಶಕದಲ್ಲಿ ಜಪಾನಿನ ವೈದ್ಯರು ಇದರಿಂದ ತಲೆ ಕೆಡಿಸಿಕೊಂಡಿದ್ದರು. ರಕ್ತಭೇದಿಯ ಬ್ಯಾಕ್ಟೀರಿಯಾ ಸಲ್ಫಾ, ಸ್ಟ್ರೆಪ್ಟೊಮೈಸಿನ್, ಕ್ಲೋರಾಂಫೆನಿಕಾಲ್, ಟೆಟ್ರಾಸೈಕ್ಲಿನ್, ನಾಲ್ಕು ಔಷಧಕ್ಕೂ ಬಗ್ಗಲಿಲ್ಲ. ನಾಲ್ಕು ಸಲ ಬೇರೆ ಬೇರೆ ರೂಪಾಂತರ ಆಗಲು ಅಷ್ಟು ಸಮಯವೇ ಇರಲಿಲ್ಲ. ನಮ್ಮ ಕರುಳಲ್ಲೇ ಇರುವ ಇ. ಕೊಲೈ ನಾಲ್ಕನ್ನೂ ತಡೆಯುವ ಶಕ್ತಿಯನ್ನು ಒಟ್ಟಿಗೆ ದಾಟಿಸಬಲ್ಲದು ಅಂತ 1959ರಲ್ಲಿ ಗೊತ್ತಾಯಿತು.

ಹಾಗಾದರೆ ಬಳೆಗಳು ನಮ್ಮ ಮಾತ್ರೆಗಳಿಂದ ಹುಟ್ಟಿದವಾ? ಅಲ್ಲ. 1917ರಿಂದ 1954ರವರೆಗೆ ಕೂಡಿಟ್ಟ ನೂರಾರು ಬ್ಯಾಕ್ಟೀರಿಯಾ ತಳಿಗಳ ಪರೀಕ್ಷೆ 1983ರಲ್ಲಿ ಪ್ರಕಟವಾಯಿತು. ಸುಮಾರು ಕಾಲು ಭಾಗದಲ್ಲಿ ದಾಟಬಲ್ಲ ಪ್ಲಾಸ್ಮಿಡ್ ಇತ್ತು, ಇವತ್ತಿನ ಆಸ್ಪತ್ರೆಗಳಲ್ಲಿ ಸಿಗುವ ಗುಂಪಿನವೇ. ಆದರೆ ಅವುಗಳ ಮೇಲೆ ಆ್ಯಂಟಿಬಯೋಟಿಕ್ ತಡೆಯುವ ಜೀನ್ ಒಂದೂ ಇರಲಿಲ್ಲ. ಅವು ಹತ್ತಿಕೊಂಡಿದ್ದು ಆಮೇಲೆ, ನಾವು ಕಂಡಕಂಡದ್ದಕ್ಕೆಲ್ಲ ಮಾತ್ರೆ ನುಂಗಲು ಶುರು ಮಾಡಿದ ಮೇಲೆ.

ಅಲ್ಲಿ ಯಾರೋ ಕೈ ಎತ್ತಿದ್ದಾರೆ. ಕೇಳಿ, ಮಂಡಕ್ಕಿ ಬರುವುದಕ್ಕೆ ಇನ್ನೂ ಹೊತ್ತಿದೆ.