ವಿ ಉಳಿಯ ಜೊತೆ ಒಂದು ಮಧ್ಯಾಹ್ನ

ಮೇಜಿನ ಮೇಲೆ ಹರಡಿರುವುದೆಲ್ಲ ನನ್ನ ಕೆತ್ತನೆ ಉಳಿಗಳು. ಇಷ್ಟೊಂದು ಬೇಕಾ? ಖಂಡಿತ ಬೇಡ. ಶುರು ಮಾಡುವವರು ಡಜನ್ ಉಳಿಗಳ ಸೆಟ್ ತಗೊಳ್ಳಲೇಬೇಡಿ, ಅರ್ಧಕ್ಕರ್ಧ ಡಬ್ಬಿಯಲ್ಲೇ ಮಲಗಿರುತ್ತವೆ. ನಾಲ್ಕೈದು ಒಳ್ಳೆಯವು ಬಿಡಿಬಿಡಿಯಾಗಿ ತಗೊಳ್ಳಿ.

ಉಳಿಯ ಮೇಲೆ ಒಂದು ನಂಬರ್ ಇರುತ್ತದೆ, ಹತ್ತಿರ ತೋರಿಸುತ್ತೇನೆ. ಅದು ಅಗಲ ಅಲ್ಲ, ಅಲಗಿನ ಬಾಗು. 3 ಅಂದರೆ ಹೆಚ್ಚುಕಡಿಮೆ ಚಪ್ಪಟೆ, 9 ಅಂದರೆ ಸುಮಾರು ಅರ್ಧ ವೃತ್ತ. ಅಗಲ ಮಿಲಿಮೀಟರಿನಲ್ಲಿ ಬೇರೆ ಬರೆದಿರುತ್ತಾರೆ. ಒಂದು ಕಂಪನಿಯ 7 ಇನ್ನೊಂದರ 7ಕ್ಕೆ ಸರಿಹೊಂದಬೇಕು ಅಂತೇನಿಲ್ಲ. ನನ್ನ ಕೇಳಿದರೆ 3, 5, 7 ಮತ್ತು ಒಂದು ಸಣ್ಣ 9 ಸಾಕು. ಹಿಡಿ ಎಂಟು ಮೂಲೆಯದಿರಲಿ. ದುಂಡಗಿದ್ದರೆ ಮೇಜಿನಿಂದ ಉರುಳಿ ಬೀಳುತ್ತದೆ, ಬಿದ್ದರೆ ಅಲಗೇ ಕೆಳಗೆ.

ವಿ ಉಳಿ, ಅಂದರೆ ತುದಿ ಇಂಗ್ಲಿಷಿನ V ಆಕಾರದಲ್ಲಿರುವುದು, ಅದು ಮಾತ್ರ ಬೇಡ. ಯಾಕೆ ಅಂತ ಈಗ ನೋಡಿ.

ಇದು ಎರಡು ಚಪ್ಪಟೆ ಉಳಿಗಳನ್ನು ಕೆಳಗೆ ಬೆಸೆದ ಹಾಗಿದೆ, ಅಲ್ವಾ? ಎರಡು ಪಕ್ಕ ಸಾಣೆ ಹಿಡಿದರೆ ಮುಗೀತು ಅನಿಸುತ್ತದೆ. ಮುಗಿಯಲ್ಲ. ಎರಡೂ ಸೇರುವ ಮೂಲೆಯಲ್ಲಿ ಲೋಹ ದಪ್ಪ. ಅಲ್ಲಿ ಒಂದು ಸಣ್ಣ ಕೊಕ್ಕೆ ಮುಂದಕ್ಕೆ ಚಾಚಿಕೊಂಡು ಉಳಿಯುತ್ತದೆ. ಬೆಳಕಿಗೆ ಹಿಡಿಯುತ್ತೇನೆ, ಕಾಣಿಸ್ತಾ? ಅದನ್ನು ತೆಗೆಯಲು ತಳವನ್ನು ಕಲ್ಲಿನ ಮೇಲೆ ಮೆಲ್ಲಗೆ ತೂಗಿ ತೂಗಿ ಉಜ್ಜಬೇಕು. ಎರಡು ಸಲ ಜಾಸ್ತಿ ಉಜ್ಜಿದರೆ ಕೊಕ್ಕೆ ಹೋಗಿ ಅಲ್ಲೇ ಕಚ್ಚು ಬೀಳುತ್ತದೆ. ಕಚ್ಚು ಬಿದ್ದರೆ ತುದಿಯನ್ನೆಲ್ಲ ಕಚ್ಚಿನ ಮಟ್ಟಕ್ಕೆ ಸವೆಸಿ ಮೊದಲಿಂದ ಶುರು. ಇದರ ಎಡಗೋಡೆ ಬಲಗೋಡೆಗಿಂತ ತೆಳ್ಳಗಿದೆ, ತಯಾರಾಗಿ ಬಂದಿದ್ದೇ ಹಾಗೆ. ಹಾಗಾಗಿ ಎಡ ಬೇಗ ಸವೆಯುತ್ತದೆ, ಬಲ ಹಟ ಹಿಡಿದು ಕೂರುತ್ತದೆ. ಇಂಥದ್ದನ್ನು ಮಾರುವ ಮುಂಚೆ ಯಾರಾದರೂ ಒಂದ್ಸಲ ಬೆಳಕಿಗೆ ಹಿಡಿದು ನೋಡಬಾರದಾ?

ಸಿಟ್ಟು ಬಂತು ಅಂತ ಗ್ರೈಂಡರ್‌ಗೆ ಕೊಡಬೇಡಿ. ತೆಳು ತುದಿ ಕ್ಷಣದಲ್ಲಿ ಕಾಯುತ್ತದೆ. ನೀಲಿ ಬಣ್ಣ ಬಂತೋ, ಉಕ್ಕಿನ ಹದ ಹೋಯಿತು. ಆ ನೀಲಿ ಭಾಗ ಇನ್ನು ಹರಿತ ಹಿಡಿದುಕೊಳ್ಳಲ್ಲ, ಅದನ್ನು ಸವೆಸಿ ಬಿಸಾಕುವುದೇ. ಕಲ್ಲು ನಿಧಾನ, ಆದರೆ ನೀರಿರುತ್ತದೆ, ತುದಿ ಕಾಯಲ್ಲ. ಮೊದಲು 1000 ನಂಬರಿನ ಕಲ್ಲು, ಆಮೇಲೆ ಇನ್ನೂ ನುಣುಪಾದ 4000. ಕೊನೆಗೆ ಹೊಳಪು ಕೊಡುವ ಹಸಿರು ಪೇಸ್ಟ್ ಹಚ್ಚಿದ ಚರ್ಮ. ಯಾವಾಗಲೂ ಹಿಂದಕ್ಕೆ ಎಳೆಯಿರಿ, ಮುಂದಕ್ಕೆ ತಳ್ಳಿದರೆ ಚರ್ಮ ಕತ್ತರಿಸಿಹೋಗುತ್ತದೆ. ಎಳೆದು ಮುಗಿಸುವಾಗ ಹಿಡಿ ಮೇಲಕ್ಕೆತ್ತಬೇಡಿ, ಅಂಚು ದುಂಡಗಾಗುತ್ತದೆ.

ಪರೀಕ್ಷೆಗೆ ಮೆದು ಮರ ತಗೊಳ್ಳಿ, ಗಟ್ಟಿ ಮರ ಅಲ್ಲ. ಉಳಿ ಮೊಂಡಾಗಿದ್ದರೆ ಮೆದು ಮರದ ನಾರು ಕತ್ತರಿಸುವುದಿಲ್ಲ, ಜಜ್ಜಿಹೋಗುತ್ತದೆ. ಎಳೆಗೆ ಅಡ್ಡಲಾಗಿ ಒಂದು ಗೀರು. ಹೊಳೆಯುತ್ತಿದೆ, ನೋಡಿ! ಮಧ್ಯದಲ್ಲಿ ಬಿಳಿ ಗೆರೆ ಕಂಡಿದ್ದರೆ ಅಂಚಿನಲ್ಲಿ ಎಲ್ಲೋ ಚಿಕ್ಕ ಕಚ್ಚು ಇದೆ ಅಂತ. ಇಲ್ಲ, ಶುದ್ಧವಾಗಿದೆ.

ಸರಿ, ವಿ ಉಳಿ ಬೇಡ ಅಂದೆನಲ್ಲ, ತಗೊಳ್ಳಿ. ಕೂದಲು, ಎಲೆಯ ನರ, ಅಕ್ಷರದ ಅಂಚು, ಇದರಷ್ಟು ಸಲೀಸಾಗಿ ಬೇರೆ ಯಾವುದೂ ಗೆರೆ ಎಳೆಯಲ್ಲ. ಮೊದಲ ಉಳಿಯಾಗಿ ಮಾತ್ರ ಬೇಡ. ಅಯ್ಯೋ, ಕ್ಯಾಮೆರಾ ಬ್ಯಾಟರಿ ಕೆಂಪು ತೋರಿಸುತ್ತಿದೆ. ಬೇಗ ಬೇಗ ಎಣ್ಣೆ ಬಟ್ಟೆಯಲ್ಲಿ ಒರೆಸಿ, ಒಂದೊಂದನ್ನೂ ಉಳಿ ಚೀಲದಲ್ಲಿ ಅದರದರ ಜೇಬಿಗೆ ಸೇರಿಸುತ್ತೇನೆ. ಒಂದಕ್ಕೊಂದು ತಾಗಬಾರದು, ಅಷ್ಟೇ.