ದುಡ್ಡು ನಡುದಾರಿಯಲ್ಲಿ ನಿಂತಾಗ

ಕೇಳುಗರಿಗೆ ನಮಸ್ಕಾರ.

"ಅಕ್ಕಾ, ನನ್ನ ಅಕೌಂಟಲ್ಲಿ ಕಟ್ ಆಗಿದೆ, ನೋಡಿ ಬೇಕಾದ್ರೆ."
"ನನಗೆ ಬಂದಿಲ್ಲಪ್ಪ."

ಈ ಎರಡು ಮಾತು ಕೇಳಿಸದ ಸಂತೆ ಈಗ ಕರ್ನಾಟಕದಲ್ಲಿ ಇರಲಿಕ್ಕಿಲ್ಲ. ಸೊಪ್ಪಿನ ಗಾಡಿಯ ಮುಂದೆ, ಔಷಧಿ ಅಂಗಡಿಯಲ್ಲಿ, ಆಟೋ ಇಳಿಯುವಾಗ ನಾವೆಲ್ಲ ಕೇಳಿದ್ದೇವೆ. ಕೊಟ್ಟವರ ಫೋನು ಹಣ ಹೋಗಿದೆ ಅನ್ನುತ್ತದೆ. ಪಡೆಯುವವರ ಮೇಜಿನ ಮೇಲಿರುವ ಮಾತಾಡುವ ಪೆಟ್ಟಿಗೆ ಸುಮ್ಮನಿರುತ್ತದೆ. ಇಬ್ಬರೂ ಹೇಳುವುದು ನಿಜ. ಆದರೂ ಒಬ್ಬರ ಮುಖ ಇನ್ನೊಬ್ಬರು ಅನುಮಾನದಿಂದ ನೋಡುತ್ತಾರೆ. ಹಿಂದೆ ನಾಲ್ಕು ಜನ ಕಾಯುತ್ತಿರುತ್ತಾರೆ. ಕೊನೆಗೆ "ಆಯ್ತು ಬಿಡಿ, ಇನ್ನೊಂದು ಸಲ ಹಾಕ್ತೀನಿ" ಎಂದು ಎರಡನೇ ಸಲ ಕಳಿಸಿ ಹೊರಟುಬಿಡುತ್ತಾರೆ. ಮೊದಲನೇ ಸಲದ ದುಡ್ಡು ಏನಾಯಿತು ಎಂದು ಆಮೇಲೆ ನೋಡುವವರು ಕಡಿಮೆ.

ನಾನು ಬ್ಯಾಂಕಿನಲ್ಲಿ ಕೆಲಸ ಮಾಡಿದವಳಲ್ಲ. ಮಲೆನಾಡಿನ ಒಂದು ಸಣ್ಣ ಊರಿನಲ್ಲಿ ಮಹಿಳೆಯರ ಸ್ವಸಹಾಯ ಸಂಘದ ಲೆಕ್ಕ ಬರೆಯುತ್ತೇನೆ. ಉಳಿತಾಯ ಜಮಾ ಮಾಡುವುದು, ಸಾಲದ ಕಂತು ಕಟ್ಟುವುದು, ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸುವುದು, ಗೃಹಲಕ್ಷ್ಮಿ ದುಡ್ಡು ಬಿತ್ತೇ ಎಂದು ನೋಡಿ ಹೇಳುವುದು, ಈ ಕೆಲಸಗಳಿಗಾಗಿ ಬ್ಯಾಂಕಿಗೆ ಮೇಲಿಂದ ಮೇಲೆ ಹೋಗುತ್ತಿರುತ್ತೇನೆ. ಅಲ್ಲಿ ಕಂಡದ್ದರಿಂದಲೇ ಈ ಮಾತು ಆಡಬೇಕೆನಿಸಿತು.

ಯುಪಿಐ ಎನ್ನುವ ಈ ವ್ಯವಸ್ಥೆ ಬಂದದ್ದು 2016ರಲ್ಲಿ. ನಾವು ಫೋನಿನಲ್ಲಿ ಪಿನ್ ಒತ್ತಿದಾಗ ಆಗುವುದಿಷ್ಟು: ಮೊದಲು ನಮ್ಮ ಬ್ಯಾಂಕು ನಮ್ಮ ಖಾತೆಯಿಂದ ಹಣ ಕಳೆಯುತ್ತದೆ. ಆಮೇಲೆ ರಾಷ್ಟ್ರೀಯ ಪಾವತಿ ನಿಗಮದ ಮೂಲಕ ಆಚೆಯವರ ಬ್ಯಾಂಕಿಗೆ ಸುದ್ದಿ ಹೋಗುತ್ತದೆ. ಅವರು ಖಾತೆಗೆ ಜಮಾ ಮಾಡಿ, ಆಯಿತು ಎಂದು ತಿರುಗಿ ಹೇಳಬೇಕು. ಆ ತಿರುಗಿ ಹೇಳುವ ಮಾತು ಬರದಿದ್ದರೆ ನಮ್ಮ ಫೋನಿನಲ್ಲಿ 'ಪೆಂಡಿಂಗ್' ಎಂದು ಕಾಣುತ್ತದೆ. ಯಾವುದೋ ಬ್ಯಾಂಕಿನ ಸರ್ವರ್ ನಿಂತಿರಬಹುದು. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟಿನ ಹಿಂದೆಯೇ ಸಿಗ್ನಲ್ಲೂ ಹೋಗುತ್ತದೆ. ಆಗ ಹಣ ಹೋದರೂ ಹೋಯಿತು ಎಂದು ತಿಳಿಸಲು ದಾರಿ ಇರುವುದಿಲ್ಲ. ಯಾವ ಕಾರಣವಿದ್ದರೂ ಹಣ ಮಾಯವಾಗುವುದಿಲ್ಲ, ಯಾವುದೋ ಒಂದು ಬ್ಯಾಂಕಿನ ಲೆಕ್ಕದಲ್ಲಿ ಇದ್ದೇ ಇರುತ್ತದೆ. ಪ್ರತಿ ಪಾವತಿಗೂ 12 ಅಂಕಿಯ ಒಂದು ಉಲ್ಲೇಖ ಸಂಖ್ಯೆ ಇರುತ್ತದೆ, ಯುಟಿಆರ್ ಅನ್ನುತ್ತಾರೆ. ಎಲ್ಲಿ ನಿಂತಿದೆ ಎಂದು ಪತ್ತೆ ಹಚ್ಚಲು ಬ್ಯಾಂಕಿಗೆ ಬೇಕಾದದ್ದು ಆ ಸಂಖ್ಯೆ. ಅಂಗಡಿಯಲ್ಲಿ ಜಗಳಕ್ಕೆ ನಿಲ್ಲುವ ಬದಲು ಆ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ, ಇಲ್ಲವೇ ಆ ಪರದೆಯ ಚಿತ್ರ ತೆಗೆದಿಟ್ಟುಕೊಳ್ಳಿ.

ಇನ್ನು ಬಹಳ ಜನರಿಗೆ ಗೊತ್ತಿಲ್ಲದ ಒಂದು ವಿಷಯ. 2019ರ ಸೆಪ್ಟೆಂಬರ್ 20ರಂದು ರಿಸರ್ವ್ ಬ್ಯಾಂಕ್ ಒಂದು ಸುತ್ತೋಲೆ ಹೊರಡಿಸಿತು. ಹೀಗೆ ನಡುವೆ ನಿಂತ ಹಣ ಎಷ್ಟು ದಿನದೊಳಗೆ ವಾಪಸು ಬರಬೇಕು ಎಂದು ಅದರಲ್ಲಿ ಗಡುವು ಹಾಕಿದ್ದಾರೆ. ಒಬ್ಬರಿಂದ ಒಬ್ಬರಿಗೆ ಯುಪಿಐಯಲ್ಲಿ ಕಳಿಸಿದ ಹಣ ಮುಟ್ಟದಿದ್ದರೆ, ಕಳಿಸಿದ ದಿನ ಬಿಟ್ಟು ಒಂದು ದಿನದೊಳಗೆ ವಾಪಸಾಗಬೇಕು. ಅಂಗಡಿಗೆ ಕೊಟ್ಟ ಹಣ ಅವರಿಗೆ ಸೇರದಿದ್ದರೆ ಐದು ದಿನ. ಎಟಿಎಂನಲ್ಲಿ ನೋಟು ಬಾರದೆ ಖಾತೆಯಲ್ಲಿ ಮಾತ್ರ ಕಡಿತವಾಗಿದ್ದರೆ ಅದಕ್ಕೂ ಐದು ದಿನ. ಗಡುವು ಮೀರಿದರೆ ಬ್ಯಾಂಕು ದಿನಕ್ಕೆ ನೂರು ರೂಪಾಯಿಯಂತೆ ಗ್ರಾಹಕರಿಗೆ ಪರಿಹಾರ ಕೊಡಬೇಕು. ಗ್ರಾಹಕರು ದೂರು ಕೊಡಲಿ ಎಂದು ಕಾಯದೆ, ತಾನಾಗಿಯೇ ಕೊಡಬೇಕು ಎಂದು ಸುತ್ತೋಲೆಯಲ್ಲಿ ಸ್ಪಷ್ಟವಾಗಿದೆ.

ನಮ್ಮ ಸಂಘದ ಸದಸ್ಯೆಯೊಬ್ಬರು ಮಗಳ ಕಾಲೇಜು ಶುಲ್ಕಕ್ಕೆಂದು ಎಟಿಎಂಗೆ ಹೋದಾಗ ಯಂತ್ರ ಸದ್ದು ಮಾಡಿ ನಿಂತುಬಿಟ್ಟಿತು. ನೋಟು ಬರಲಿಲ್ಲ. ಮೊಬೈಲಿಗೆ ಕಡಿತವಾದ ಸಂದೇಶ ಬಂತು, ಅದೂ ಇಂಗ್ಲಿಷಿನಲ್ಲಿ. ಆ ಯಂತ್ರ ಇದ್ದದ್ದು ಬೇರೆ ಬ್ಯಾಂಕಿನದು. ಅಲ್ಲಿ ಕೇಳಿದರೆ "ನಿಮ್ಮ ಬ್ಯಾಂಕಿಗೆ ಹೋಗಿ" ಎಂದರು. ಇವರ ಬ್ಯಾಂಕಿನಲ್ಲಿ ಕೇಳಿದರೆ "ತಾನಾಗಿ ಬರುತ್ತಮ್ಮ, ಕಾಯಿರಿ" ಎಂದರು. ಐದು ದಿನ ಕಾದದ್ದಾಯಿತು, ವಾರವೂ ದಾಟಿತು. ಶುಲ್ಕ ಕಟ್ಟಲು ಅವರು ಸಂಘದಿಂದ ಸಾಲ ಎತ್ತಬೇಕಾಯಿತು. ತನ್ನದೇ ದುಡ್ಡು ಇದ್ದೂ ಬಡ್ಡಿ ಕಟ್ಟುವ ಸ್ಥಿತಿ ಬಂತಲ್ಲ ಎಂದು ನನಗೆ ಬಹಳ ಸಂಕಟವಾಯಿತು.

ಅವರ ಜೊತೆ ನಾನೂ ಹೋದೆ. ಬಾಯಿಮಾತು ಬಿಟ್ಟು, ಬಿಳಿ ಹಾಳೆಯ ಮೇಲೆ ಕನ್ನಡದಲ್ಲಿ ಅರ್ಜಿ ಬರೆದೆವು. ಖಾತೆ ಸಂಖ್ಯೆ, ದಿನಾಂಕ, ವೇಳೆ, ಎಟಿಎಂ ಇರುವ ಜಾಗ, ಮೊತ್ತ, ಉಲ್ಲೇಖ ಸಂಖ್ಯೆ. ಕೊನೆಯಲ್ಲಿ ಒಂದು ಸಾಲು: 2019ರ ಸುತ್ತೋಲೆಯಂತೆ ಮೂಲ ಹಣವನ್ನೂ ತಡವಾದ ದಿನಗಳ ಪರಿಹಾರವನ್ನೂ ಜಮಾ ಮಾಡಬೇಕಾಗಿ ಕೋರಿಕೆ. ಎರಡು ಪ್ರತಿ ಮಾಡಿ ಒಂದರ ಮೇಲೆ ಸೀಲು, ಸಹಿ, ದೂರಿನ ಸಂಖ್ಯೆ ಪಡೆದೆವು. ಕೌಂಟರಿನಲ್ಲಿದ್ದ ಹುಡುಗನಿಗೆ ಆ ಸುತ್ತೋಲೆಯ ವಿಷಯ ಗೊತ್ತಿರಲಿಲ್ಲ. ಆತನ ಮೇಲೆ ನನಗೆ ಸಿಟ್ಟಿಲ್ಲ. ಅಷ್ಟು ಜನರನ್ನು ಒಬ್ಬನೇ ಸಂಭಾಳಿಸುತ್ತಿದ್ದ. ಆದರೆ ವ್ಯವಸ್ಥಾಪಕರು ಆ ಸಾಲನ್ನು ಓದಿದ ಕೂಡಲೇ ಕುರ್ಚಿ ಎಳೆದು ಕೂರಿಸಿದರು. ಹಣ ಬಂತು. ದಿನಕ್ಕೆ ನೂರರ ಲೆಕ್ಕದ ಪರಿಹಾರವೂ ಬಂತು. ಆ ತಾಯಿ ಸಂಘದ ಸಾಲ ತೀರಿಸಿದರು.

ಇಲ್ಲಿ ನನಗೆ ಪಿಗ್ಮಿ ನೆನಪಾಗುತ್ತದೆ. ಉಡುಪಿಯಲ್ಲಿ ಶುರುವಾದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಸಂಗ್ರಹಿಸುವ ಪಿಗ್ಮಿ ಠೇವಣಿ ಆರಂಭಿಸಿತು. ಕರಾವಳಿ ಎಷ್ಟು ಬ್ಯಾಂಕುಗಳಿಗೆ ತವರು! ಕೆನರಾ, ಕಾರ್ಪೊರೇಷನ್, ಕರ್ಣಾಟಕ, ವಿಜಯ, ಸಿಂಡಿಕೇಟ್, ಎಲ್ಲ ಎರಡೇ ಊರಿನ ಸುತ್ತಮುತ್ತ ಹುಟ್ಟಿದವು. ಪಿಗ್ಮಿ ಕಟ್ಟಿಸಿಕೊಳ್ಳುವವರು ಅಂಗಡಿಗೆ ಬಂದು ನಿಂತರೆ, ಅವರ ಮನೆ ಎಲ್ಲಿ, ಅವರು ಯಾರ ಮಗ ಎಂಬುದೆಲ್ಲ ನಮ್ಮವರಿಗೆ ಗೊತ್ತಿರುತ್ತಿತ್ತು. ಲೆಕ್ಕ ತಪ್ಪಿದರೆ ನಾಳೆ ಅದೇ ಮನುಷ್ಯನನ್ನು ಕೇಳಬಹುದಿತ್ತು. ಈಗಿನ ಪಾವತಿಯ ವೇಗ ನನಗೂ ಇಷ್ಟ. ಹತ್ತು ರೂಪಾಯಿ ಚಿಲ್ಲರೆಗೆ ಪರದಾಡುವುದು ತಪ್ಪಿದೆ. ಬೆಂಗಳೂರಿನಲ್ಲಿ ದುಡಿಯುವ ಮಗ ಕಳಿಸಿದ ದುಡ್ಡು ಹಳ್ಳಿಯ ತಾಯಿಗೆ ಭಾನುವಾರವೂ ಮುಟ್ಟುತ್ತದೆ. ಆದರೆ ಕೇಳಲು ಒಬ್ಬ ಮನುಷ್ಯ ಬೇಕು. ಫೋನ್ ಮಾಡಿದರೆ "ಒಂದನ್ನು ಒತ್ತಿ, ಎರಡನ್ನು ಒತ್ತಿ" ಎನ್ನುವ ಧ್ವನಿ ಅದಕ್ಕೆ ಸಾಲದು.

ಪಿಗ್ಮಿಯ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. ಈಗ ಪತ್ತಿನ ಸಹಕಾರ ಸಂಘಗಳೂ ಪಿಗ್ಮಿ ಕಟ್ಟಿಸಿಕೊಳ್ಳುತ್ತವೆ. ಬ್ಯಾಂಕಿನ ಠೇವಣಿಗೆ ಐದು ಲಕ್ಷ ರೂಪಾಯಿವರೆಗೆ ಇರುವ ವಿಮೆ ಈ ಸಂಘಗಳ ಠೇವಣಿಗೆ ಇಲ್ಲ. ಸಹಕಾರಿ ಬ್ಯಾಂಕಿಗೆ ಇದೆ, ಪತ್ತಿನ ಸಂಘಕ್ಕೆ ಇಲ್ಲ. ಎಲ್ಲಿ ಕಟ್ಟುತ್ತಿದ್ದೀರಿ ಎಂದು ಒಮ್ಮೆ ಬೋರ್ಡು ಓದಿ ನೋಡಿ.

ಬ್ಯಾಂಕಿಗೆ ಕೊಟ್ಟ ದೂರಿಗೆ 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿಯೆನಿಸದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್, ಅಂದರೆ ಗ್ರಾಹಕರ ದೂರು ವಿಚಾರಿಸುವ ಅಧಿಕಾರಿ, ಅವರಿಗೆ ಬರೆಯಬಹುದು. ಖರ್ಚಿಲ್ಲ, ವಕೀಲರು ಬೇಕಿಲ್ಲ. ಮಾಹಿತಿಗೆ 14448 ಎಂಬ ಸಂಖ್ಯೆ ಇದೆ. ಅಂಚೆಯಲ್ಲಿ ಕಳಿಸುವುದಾದರೆ ಕನ್ನಡದಲ್ಲೇ ಬರೆಯಬಹುದು. ನಮ್ಮ ಅರ್ಜಿಯ ಸೀಲು ಬಿದ್ದ ಪ್ರತಿ ಆಗ ಉಪಯೋಗಕ್ಕೆ ಬರುತ್ತದೆ.

ಮೋಸದ ವಿಷಯ ಬಾನುಲಿಯಲ್ಲಿ ನೀವು ಬಹಳ ಕೇಳಿದ್ದೀರಿ, ಅದನ್ನು ಹಿಗ್ಗಿಸುವುದಿಲ್ಲ. ಹಣ ಪಡೆಯಲು ಪಿನ್ ಒತ್ತುವ ಅಗತ್ಯವೇ ಇಲ್ಲ. ಫೋನಿನಲ್ಲೇ ಬಂಧಿಸುತ್ತೇವೆ ಎನ್ನುವ 'ಡಿಜಿಟಲ್ ಅರೆಸ್ಟ್' ನಮ್ಮ ಕಾನೂನಿನಲ್ಲಿ ಇಲ್ಲ. ಇಷ್ಟು ಸಾಕು. ನಾನು ಒತ್ತಿ ಹೇಳಬೇಕಾದದ್ದು ಹಣ ಹೋದ ಮೇಲಿನ ಮಾತು. ಮೋಸ ಹೋದವರು ಮೊದಲು ಅದನ್ನು ಮುಚ್ಚಿಡುತ್ತಾರೆ. ಗಂಡ ಬೈದಾರು, ಮಕ್ಕಳು ನಕ್ಕಾರು, ಊರಿನವರು ಆಡಿಕೊಂಡಾರು ಎಂಬ ಅಂಜಿಕೆ. ಆ ಮುಚ್ಚಿಟ್ಟ ಒಂದೆರಡು ದಿನದಲ್ಲೇ ಹಣ ಹತ್ತು ಖಾತೆ ದಾಟಿ ಹೋಗುತ್ತದೆ. ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದರೆ ಹಣ ಇನ್ನೂ ಯಾವುದಾದರೂ ಖಾತೆಯಲ್ಲಿದ್ದರೆ ತಡೆಹಿಡಿಯಲು ಅವಕಾಶವಿದೆ. ಬ್ಯಾಂಕಿಗೂ ಅದೇ ಹೊತ್ತಿನಲ್ಲಿ ತಿಳಿಸಿ. ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ನಮ್ಮದೂ ಬ್ಯಾಂಕಿನದೂ ತಪ್ಪಿಲ್ಲದೆ ಹೊರಗಿನವರ ಕೈವಾಡದಿಂದ ಹಣ ಹೋಗಿದ್ದರೆ, ಮೂರು ಕೆಲಸದ ದಿನಗಳೊಳಗೆ ತಿಳಿಸಿದಾಗ ಆ ನಷ್ಟ ನಮ್ಮ ಮೇಲೆ ಬರುವುದಿಲ್ಲ. ತಪ್ಪು ಗ್ರಾಹಕರದು ಎನ್ನುವುದಾದರೆ ಅದನ್ನು ರುಜುವಾತು ಮಾಡುವ ಹೊಣೆ ಬ್ಯಾಂಕಿನದು. ನಾವೇ ಒಟಿಪಿ ಹೇಳಿಬಿಟ್ಟಿದ್ದರೂ, ಬ್ಯಾಂಕಿಗೆ ತಿಳಿಸಿದ ಮೇಲೆ ಆಗುವ ನಷ್ಟ ನಮ್ಮದಲ್ಲ. ಹಾಗಾಗಿ ಮನೆಯಲ್ಲಿ ಯಾರಾದರೂ ಹೀಗಾಯಿತು ಎಂದು ಹೇಳಿದರೆ ದಯವಿಟ್ಟು ಬೈಯಬೇಡಿ. ಮೊದಲು ಫೋನ್ ಮಾಡಿಸಿ.

ಇಷ್ಟೆಲ್ಲ ನಿಯಮ ಇದ್ದೂ ಜನಕ್ಕೆ ತಲುಪದಿರಲು ಕಾರಣ, ನನ್ನ ಅನುಭವದಲ್ಲಿ, ಭಾಷೆ. ಗ್ರಾಹಕರು ಬಳಸುವ ಚಲನ್, ಪಾಸ್‌ಬುಕ್, ಖಾತೆ ತೆರೆಯುವ ಅರ್ಜಿ ಇಂಥವು ಹಿಂದಿ, ಇಂಗ್ಲಿಷ್ ಜೊತೆಗೆ ಆಯಾ ರಾಜ್ಯದ ಭಾಷೆಯಲ್ಲೂ ಇರಬೇಕೆಂದು ರಿಸರ್ವ್ ಬ್ಯಾಂಕ್ ಸೂಚಿಸಿದೆ. ಆದರೆ ಈಗ ಬ್ಯಾಂಕು ನಮ್ಮೊಡನೆ ಹೆಚ್ಚು ಮಾತಾಡುವುದು ಮೊಬೈಲ್ ಸಂದೇಶದಲ್ಲಿ. 'ಡೆಬಿಟೆಡ್' ಎಂದರೆ ಹೋಯಿತೋ ಬಂತೋ ತಿಳಿಯದೆ ನನ್ನ ಹತ್ತಿರ ಫೋನು ಹಿಡಿದು ಬರುವ ಹೆಂಗಸರು ಎಷ್ಟೋ. ಅವರು ಕನ್ನಡ ಚೆನ್ನಾಗಿ ಓದಬಲ್ಲವರು. ಹಣ ಹೋದ ಸುದ್ದಿ ಆ ಕ್ಷಣಕ್ಕೆ ಅರ್ಥವಾಗದಿದ್ದರೆ ಮೂರು ದಿನದ ಗಡುವು ಅವರಿಗೆ ಯಾವ ರೀತಿಯಲ್ಲಿ ನೆರವಾದೀತು?

ನಮ್ಮ ಸಂಘದಿಂದ ಬ್ಯಾಂಕ್ ಶಾಖೆಗೆ ಒಂದು ಮನವಿ ಕೊಟ್ಟಿದ್ದೇವೆ. ಕೇಳಿದವರಿಗೆ ಸಂದೇಶ ಕನ್ನಡದಲ್ಲಿ ಬರುವಂತೆ ಮಾಡಿಕೊಡಿ, ಹಣ ನಡುವೆ ನಿಂತರೆ ಎಷ್ಟು ದಿನದಲ್ಲಿ ವಾಪಸು ಬರಬೇಕು ಎನ್ನುವ ಪಟ್ಟಿಯನ್ನು ಕನ್ನಡದಲ್ಲಿ ಬರೆದು ಕೌಂಟರಿನ ಪಕ್ಕ ಹಾಕಿ ಎಂದು ಎಲ್ಲ ಸದಸ್ಯೆಯರೂ ಸಹಿ ಮಾಡಿದ್ದಾರೆ. ಪಟ್ಟಿಯನ್ನು ನಾವೇ ಬರೆದುಕೊಡುತ್ತೇವೆ ಎಂದೂ ಹೇಳಿದ್ದೇವೆ. ವ್ಯವಸ್ಥಾಪಕರು ಪಟ್ಟಿ ಹಾಕಲು ಒಪ್ಪಿದ್ದಾರೆ, ಸಂದೇಶದ ವಿಷಯವನ್ನು ಮೇಲಿನ ಕಚೇರಿಗೆ ಕಳಿಸಿದ್ದಾರೆ. ನಿಮ್ಮ ಊರಿನ ಶಾಖೆಗೂ ಇಂಥದೊಂದು ಮನವಿ ಹೋಗಲಿ ಎಂದು ಕೇಳಿಕೊಳ್ಳುತ್ತೇನೆ.

ನಮಸ್ಕಾರ.