ಪದಕ ನಮಗೆ, ಎಂಜಿನ್ ಬರೆದವರಿಗೆ ಏನು?

ಎಲ್ಲರಿಗೂ ನಮಸ್ಕಾರ. ಗೇಮ್ ಕ್ಲಬ್ಬಿನವರು ನನಗೆ ಕೊಟ್ಟಿರುವ ವಿಷಯ ಅಗ್ಗದ ಫಿಸಿಕ್ಸ್ ಪಜಲ್ ಆಟಗಳು, ಅಂದರೆ ವಸ್ತುಗಳನ್ನು ಬೀಳಿಸಿ, ಉರುಳಿಸಿ ಒಗಟು ಬಿಡಿಸುವ ಆಟಗಳು, ಅವುಗಳಲ್ಲಿ ಸಿಗುವ ಸುಲಭದ ಅಚೀವ್‌ಮೆಂಟುಗಳು. ಹುಡುಗರಿಗೆ ವಿವರಣೆ ಬೇಕಿಲ್ಲ. ಮುಂದಿನ ಸಾಲಿನ ಮೇಷ್ಟ್ರುಗಳಿಗಾಗಿ ಹೇಳುತ್ತೇನೆ: ಆಟದಲ್ಲಿ ಇಂಥದ್ದು ಮಾಡಿದರೆ ಟಿಂಗ್ ಅಂತ ಸದ್ದಾಗಿ ಒಂದು ಪದಕ ಬರುತ್ತದೆ. ಹೆಚ್ಚೇನೂ ಮಾಡದಿದ್ದರೂ ಬರುತ್ತದೆ. ಇಂಟರ್ನಲ್ಸ್ ಮಾರ್ಕ್ಸ್ ಹಾಕಿ ಅಭ್ಯಾಸ ಇರುವವರಿಗೆ ಇದು ಬೇಗ ಅರ್ಥವಾಗುತ್ತದೆ.

2005ರಲ್ಲಿ ಎಕ್ಸ್‌ಬಾಕ್ಸ್ 360 ಅನ್ನುವ ಆಟದ ಯಂತ್ರ ಬಂತು. ಒಂದು ಆಟಕ್ಕೆ 1000 ಅಂಕ ಅನ್ನುವ ಲೆಕ್ಕ ಅಲ್ಲಿಂದ ಶುರು. 2007ರಲ್ಲಿ ಅವತಾರ್ ಅಂತ ಒಂದು ಆಟ ಬಂತು. ನೀಲಿ ಜನರ ಸಿನಿಮಾ ಅಲ್ಲ, ಕಾರ್ಟೂನಿನ ಅವತಾರ್. ಅದರಲ್ಲಿ ಶುರುವಿನಲ್ಲೇ ನಿಂತು ಬಟನ್ ಒತ್ತುತ್ತಾ ಇದ್ದರೆ ಕೆಲವೇ ನಿಮಿಷಕ್ಕೆ 1000ವೂ ಕೈಗೆ ಬರುತ್ತಿತ್ತು. ಅಂಕಕ್ಕಾಗಿಯೇ ಆ ಆಟವನ್ನು ಹುಡುಕಿ ತಂದವರಿದ್ದಾರೆ. ಇವತ್ತು ಐದು ಡಾಲರಿನ ಸಣ್ಣ ಆಟಗಳು ಇದೇ ದಾರಿ ಹಿಡಿದಿವೆ. ಮೊದಲ ಹಂತ ಮುಗಿಸಿದೆಯಾ, ತಗೋ ಪದಕ. ಡಬ್ಬಿ ಬೀಳಿಸಿದೆಯಾ, ಇನ್ನೊಂದು ತಗೋ.

ಇದರ ಬಗ್ಗೆ ನನಗೆ ಸಿಟ್ಟಿಲ್ಲ. ಪದಕ ಸುಲಭಕ್ಕೆ ಸಿಕ್ಕರೆ ಯಾರಿಗೇನು ನಷ್ಟ? ನನ್ನ ತಕರಾರು ಬೇರೆ. ಡಬ್ಬಿ ಬೀಳಿಸಿದ್ದಕ್ಕೆ ನಿಮಗೆ ಪದಕ ಬಂತು. ಅದು ಡಬ್ಬಿಯ ಹಾಗೇ ಬೀಳುವಂತೆ ಮಾಡಿದವರಿಗೆ ಏನು ಬಂತು?

ಒಂದು ಕತೆ ಹೇಳಬೇಕು. ನನ್ನ ಕ್ಲಾಸಿನಲ್ಲಿ ಕೂತವರು ಇದನ್ನು ಆಗಲೇ ಕೇಳಿದ್ದೀರಿ, ಇನ್ನೊಂದು ಸಲ ಕೇಳಿ. ಎರಿನ್ ಕ್ಯಾಟೊ ಅಂತ ಒಬ್ಬರು ಎಂಜಿನಿಯರ್. 2006ರ ಗೇಮ್ ಡೆವಲಪರ್ಸ್ ಕಾನ್ಫರೆನ್ಸಿನಲ್ಲಿ ಅವರದೊಂದು ಉಪನ್ಯಾಸ ಇತ್ತು. ಮಾತಿನ ಜೊತೆಗೆ ತೋರಿಸಲು ಒಂದು ಸಣ್ಣ ಪ್ರೋಗ್ರಾಂ ಬರೆದಿದ್ದರು. ಅದೇ ಬೆಳೆದು ಬಾಕ್ಸ್ 2ಡಿ ಅನ್ನುವ ಫಿಸಿಕ್ಸ್ ಎಂಜಿನ್ ಆಯಿತು, ಅಂದರೆ ಆಟದೊಳಗಿನ ವಸ್ತುಗಳು ಹೇಗೆ ಬೀಳಬೇಕು, ಹೇಗೆ ಡಿಕ್ಕಿ ಹೊಡೆಯಬೇಕು ಅಂತ ಲೆಕ್ಕ ಹಾಕುವ ಪ್ರೋಗ್ರಾಂ. 2007ರಲ್ಲಿ ಅದನ್ನು ಎಲ್ಲರಿಗೂ ಪುಕ್ಕಟೆಯಾಗಿ ಬಿಟ್ಟುಕೊಟ್ಟರು. ಆಗಿನ ಲೈಸೆನ್ಸಿನ ಪ್ರಕಾರ ಹೆಸರು ಹಾಕಿದರೆ ಸಂತೋಷ, ಕಡ್ಡಾಯವೇನಾಗಿರಲಿಲ್ಲ.

2009ರ ಕೊನೆಗೆ ಫಿನ್ಲೆಂಡಿನ ರೋವಿಯೋ ಕಂಪನಿಯ ಆ್ಯಂಗ್ರಿ ಬರ್ಡ್ಸ್ ಬಂತು, ಹಕ್ಕಿ ಎಸೆದು ಹಂದಿ ಹೊಡೆಯುವ ಆಟ. ಬೆಲೆ ಒಂದು ಡಾಲರಿಗೆ ಒಂದು ಸೆಂಟ್ ಕಡಿಮೆ. ಹಕ್ಕಿ ಎಸೆಯದವರು ಈ ಹಾಲ್‌ನಲ್ಲಿ ಯಾರಿದ್ದೀರಿ? ನೋಡಿ, ಪ್ರಿನ್ಸಿಪಾಲರೂ ಕೈ ಎತ್ತಲಿಲ್ಲ! 2011ರಲ್ಲಿ ಅದೇ ಕಾನ್ಫರೆನ್ಸಿನಲ್ಲಿ ರೋವಿಯೋದ ಪೀಟರ್ ವೆಸ್ಟರ್‌ಬಾಕಾ ಮಾತಾಡಿದರು. ಪ್ರಶ್ನೋತ್ತರದ ಹೊತ್ತಿಗೆ ಒಬ್ಬರು ಎದ್ದು, ನಿಮ್ಮ ಆಟದಲ್ಲಿ ಯಾವ ಫಿಸಿಕ್ಸ್ ಎಂಜಿನ್ ಇದೆ ಅಂತ ಕೇಳಿದರು. ಬಾಕ್ಸ್ 2ಡಿ ಅಂತ ಉತ್ತರ ಬಂತು. ಹಾಗಾದರೆ ಅದರ ಹೆಸರನ್ನು ಆಟದಲ್ಲಿ ಹಾಕಬಹುದಾ ಅಂತ ಮತ್ತೆ ಕೇಳಿದರು. ಆಮೇಲೆ ಹೇಳಿದರು, ಅಂದ ಹಾಗೆ ಅದನ್ನು ಬರೆದವನು ನಾನೇ ಅಂತ.

ಯೋಚನೆ ಮಾಡಿ. ಜಗತ್ತೆಲ್ಲ ಆಡುತ್ತಿದ್ದ ಆಟ. ಹಂದಿ ಹೊಡೆದ ಮಕ್ಕಳಿಗೆಲ್ಲ ಮೂರು ಮೂರು ಸ್ಟಾರ್. ಅದರ ಒಳಗಿನ ಫಿಸಿಕ್ಸ್ ಬರೆದ ಮನುಷ್ಯ ಮೈಕ್ ಹಿಡಿದು ತನ್ನ ಕೆಲಸದ ಹೆಸರು ಹಾಕಿ ಅಂತ ಕೇಳಬೇಕಾಯಿತು.

ಅಂಥ ಕೆಲಸ ಏನಿದೆ ಅದರಲ್ಲಿ, ನ್ಯೂಟನ್ ಎಲ್ಲಾ ಹೇಳಿದ್ದಾನಲ್ಲಾ ಅಂತ ನೀವು ಕೇಳಬಹುದು. ಒಂದು ಡಬ್ಬಿ ಬೀಳಿಸುವುದು ಪಿಯುಸಿ ಲೆಕ್ಕ. ಹತ್ತು ಡಬ್ಬಿ ಒಂದರ ಮೇಲೊಂದು ಸುಮ್ನೆ ನಿಲ್ಲಬೇಕಲ್ಲ, ಅದೇ ಕಷ್ಟ. ರಶ್ ಆಗಿರುವ ಸಿಟಿ ಬಸ್ಸಿನಲ್ಲಿ ಒಬ್ಬರು ಸರಿದರೆ ಪಕ್ಕದವರು ಸರಿಯಬೇಕು, ಅವರು ಸರಿದರೆ ಮೊದಲಿನವರು ಮತ್ತೆ. ಇಲ್ಲೂ ಹಾಗೇ. ಒಂದಕ್ಕೊಂದು ತಾಗಿದ ಒಂದು ಜೋಡಿ ಡಬ್ಬಿಯ ಒತ್ತಡ ಸರಿ ಮಾಡಿದರೆ ಪಕ್ಕದ ಜೋಡಿ ಕೆಡುತ್ತದೆ. ಹಾಗಾಗಿ ಎಂಜಿನ್ ಸೆಕೆಂಡಿಗೆ 60 ಸಲ, ಪ್ರತಿ ಸಲವೂ ಎಲ್ಲ ಜೋಡಿಗಳನ್ನೂ ಹಲವು ಸುತ್ತು ತಿದ್ದುತ್ತದೆ. ಪ್ರತಿ ಸಲ ಸೊನ್ನೆಯಿಂದ ಶುರು ಮಾಡುವುದಿಲ್ಲ. ಹಿಂದಿನ ಸಲದ ಉತ್ತರವನ್ನು ನೆನಪಿಟ್ಟು ಅಲ್ಲಿಂದಲೇ ಮುಂದುವರಿಯುತ್ತದೆ. ಈ ಉಪಾಯ ಇಲ್ಲದಿದ್ದರೆ ಗೋಪುರ ನಡುಗುತ್ತಾ ನಡುಗುತ್ತಾ ಜಾರಿಹೋಗುತ್ತದೆ. ನೀವು ಕೈ ಹಾಕುವ ಮೊದಲೇ! ಆಗ ನಿಮ್ಮ ಪದಕ ಎಲ್ಲಿಂದ ಬರಬೇಕು?

ಚೀಟಿ ಬಂತು. ಐದು ನಿಮಿಷವಂತೆ. ಹೇಳಬೇಕಾದದ್ದು ಜಾಸ್ತಿ ಇತ್ತು.

ವರ್ಲ್ಡ್ ಆಫ್ ಗೂ, 2008. ಗೂ ಅನ್ನುವ ಅಂಟು ಉಂಡೆಗಳನ್ನು ಜೋಡಿಸಿ ಗೋಪುರ, ಸೇತುವೆ ಕಟ್ಟುವ ಆಟ. ಹೆಚ್ಚಿನ ಕೆಲಸ ಇಬ್ಬರದೇ, ಕೈಲ್ ಗ್ಯಾಬ್ಲರ್ ಮತ್ತು ರಾನ್ ಕಾರ್ಮೆಲ್. ಅದರಲ್ಲಿ ಹಂತ ದಾಟುವುದು ಸುಲಭ. ಕಡಿಮೆ ನಡೆಯಲ್ಲಿ, ಕಡಿಮೆ ಹೊತ್ತಿನಲ್ಲಿ ಅಥವಾ ಜಾಸ್ತಿ ಗೂ ಉಳಿಸಿ ದಾಟಿದರೆ ಮಾತ್ರ ಓಸಿಡಿ, ಅಂದರೆ ಅಬ್ಸೆಸಿವ್ ಕಂಪ್ಲೀಷನ್ ಡಿಸ್ಟಿಂಕ್ಷನ್, ಅನ್ನುವ ಬಾವುಟ. ಪದಕ ಇಟ್ಟರೆ ಹೀಗೆ ಇಡಬೇಕು ಅಲ್ವಾ? ಒಂದು ವರ್ಷ ತುಂಬಿದಾಗ ನಿಮಗೆ ತೋಚಿದಷ್ಟು ಕೊಡಿ ಅಂದರು. ತುಂಬಾ ಜನ ಒಂದು ಸೆಂಟ್ ಕೊಟ್ಟು ತಗೊಂಡರು.

ಕ್ರೇಯಾನ್ ಫಿಸಿಕ್ಸ್ ಬಗ್ಗೆಯೂ ಬರೆದುಕೊಂಡು ಬಂದಿದ್ದೆ. ಪೆಟ್ರಿ ಪುರ್ಹೋ ಮಾಡಿದ್ದು. ಗೆರೆ ಎಳೆದರೆ ಅದೇ ವಸ್ತುವಾಗಿ ಬೀಳುವ ಆಟ. ಅದು ಬಿಡಿ, ಆಡಿ ನೋಡಿ.

ಹಿಂದಿನ ಟೇಬಲ್ ಮೇಲೆ ಲ್ಯಾಪ್‌ಟಾಪ್ ಇಟ್ಟಿದ್ದೇನೆ. ಬಾಕ್ಸ್ 2ಡಿಯ ಹಳೆಯ ಆವೃತ್ತಿಯ ಜೊತೆಗೆ ಬರುತ್ತಿದ್ದ ಪಿರಮಿಡ್ ಡೆಮೊ ಅದರಲ್ಲಿದೆ. ವೇಗ ತಿದ್ದುವ ಸುತ್ತು 8 ಅಂತ ಇದೆ. ಅದನ್ನು 1ಕ್ಕೆ ಇಳಿಸಿ, ಡಬ್ಬಿಗಳು ಏನು ಮಾಡುತ್ತವೆ ನೋಡಿ. ಟೀ ಕೂಡ ಅಲ್ಲೇ ಇದೆ, ಕೀಬೋರ್ಡ್ ಮೇಲೆ ಮಾತ್ರ ಚೆಲ್ಲಬೇಡಿ.